ಜ್ಞಾನಿಗಳು ಸಾಯುವ ಹೊಳೆ

ನನ್ನ ಹೆಸರು ಕಣ್ಣೀರಿನ ನೀಲವ್ವ. ಹಾಗಂತ ನನ್ನನ್ನು ಅಳುಬುರುಕಿ ಅಂದುಕೊಳ್ಳಬೇಡಿ. ಮನೆಯೊಳಗೆ ನನ್ನಷ್ಟು ಮಾತಾಡುವವಳು, ನನ್ನಷ್ಟು ಜಗಳ ಕಾಯುವವಳು ನಮ್ಮ ಬೀದಿಯಲ್ಲೇ ಇಲ್ಲ. ಆದರೆ ನಾಮಕರಣದ ದಿನ ಊರಿಗೆಲ್ಲ ಸಾರಿ ಹೇಳುವ ಹೊನ್ನಜ್ಜಿ ನನ್ನ ತೊಟ್ಟಿಲೊಳಗೆ ಬಗ್ಗಿ ನೋಡಿದಾಗ ನಾನು ಅಳುತ್ತಿದ್ದೆನಂತೆ. ಯಾವ ಕೂಸು ಅಳುವುದಿಲ್ಲ ಹೇಳಿ? ಅಜ್ಜಿಗೆ ಅದೆಲ್ಲ ಬೇಕಿಲ್ಲ. ಬೀದಿಗೆ ಹೋಗಿ ಗಂಟಲು ತೆರೆದು, "ಕಣ್ಣೀರಿನ ನೀಲವ್ವ!" ಅಂತ ಕೂಗಿದಳು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ನಮ್ಮೂರಲ್ಲಿ ಒಬ್ಬರಿಗೆ ಒಂದೇ ಗುಣ. ಮನೆಯೊಳಗೆ ಏನಾದರೂ ಆಗಿರಿ, ಕೇಳುವವರಿಲ್ಲ. ಹೊಸ್ತಿಲು ದಾಟಿದಿರೋ, ಅಜ್ಜಿ ಕೂಗಿದ ಗುಣವೊಂದನ್ನೇ ಹೊತ್ತು ತಿರುಗಬೇಕು. ಪಕ್ಕದ ಮನೆಯ ಸುಳ್ಳಿನ ಹಾಲಪ್ಪನ ದನದ ಕೊಟ್ಟಿಗೆಗೆ ಒಮ್ಮೆ ಬೆಂಕಿ ಬಿತ್ತು. ಪಾಪ, ಅವನು ಬೀದಿಗೆ ಓಡಿಬಂದು, "ನಮ್ಮ ಕೊಟ್ಟಿಗೆಗೆ ಬೆಂಕಿ ಬಿದ್ದಿಲ್ಲ! ಯಾರೂ ನೀರು ತರಬೇಡಿ!" ಅಂತ ಬಡಿದುಕೊಂಡ. ನಾವೆಲ್ಲ ಕೊಡ ಎತ್ತಿಕೊಂಡು ಓಡಿದೆವು. ಅಷ್ಟು ನಂಬಿಕಸ್ಥ ಮನುಷ್ಯ.

ಗುಣದ ಜೊತೆಗೆ ಬೀದಿಯಲ್ಲಿ ದೊಡ್ಡ ಮಾತನ್ನೇ ಆಡಬೇಕು. ಮನೆ ಮಾತು ಮನೆಗೆ ಮಾತ್ರ. ಬದನೇಕಾಯಿ ಕೊಳ್ಳಲು ಹೋದರೂ, "ಎಲೈ ಬದನೆಯ ಒಡತಿಯೇ, ನೇರಳೆ ಬಣ್ಣದ ಈ ಫಲಗಳ ಗರ್ಭದಲ್ಲಿ ಹುಳುವಿಲ್ಲವೆಂದು ಸೂರ್ಯಚಂದ್ರರ ಸಾಕ್ಷಿಯಾಗಿ ನುಡಿಯಬಲ್ಲೆಯಾ?" ಅಂತ ಕೇಳಬೇಕು. ಅವಳೂ ಎದೆ ಮುಟ್ಟಿಕೊಂಡು, "ನುಡಿಯಬಲ್ಲೆ!" ಅನ್ನುತ್ತಾಳೆ. ಮನೆಗೆ ಬಂದು ಹೆಚ್ಚಿದರೆ ಹುಳು ಇರುತ್ತೆ, ಆ ಮಾತು ಬೇರೆ.

ನನ್ನ ಗಂಡ ಜ್ಞಾನದ ಅಡವಯ್ಯ. ಬೀದಿಯಲ್ಲಿ ನೋಡಬೇಕು ಅವರನ್ನು. ಹೊಟ್ಟೆಯವರೆಗೆ ಬಿಳಿ ಗಡ್ಡ, ಕೈಯಲ್ಲಿ ಕೋಲು, ಯಾರು ಏನೇ ಕೇಳಲಿ ಮೊದಲು ಆಕಾಶ ನೋಡಿ ಆಮೇಲೆ ನಿಧಾನ ತಲೆಯಾಡಿಸುವುದು. ಮನೆಯಲ್ಲಿ ಉಪ್ಪಿನ ಭರಣಿ ಯಾವುದು, ಸಕ್ಕರೆಯದು ಯಾವುದು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಅವರ ಅಪ್ಪ ಜ್ಞಾನಿ, ಅಜ್ಜ ಜ್ಞಾನಿ. ಆ ಮನೆತನಕ್ಕೆ ಇಡೀ ಊರು ಕೈ ಮುಗಿಯುತ್ತದೆ. ಯಾಕೆಂದರೆ ಆ ಮನೆಯ ಗಂಡಸರೆಲ್ಲ ಎರಡನೆಯ ಹೊಳೆಯಲ್ಲಿ ಸತ್ತವರು.

ಅದು ಹೀಗೆ. ಯಾವಾಗಲೋ ಒಮ್ಮೆ ಊರಲ್ಲಿ ಒಬ್ಬ ಧೀರ ಏಳುತ್ತಾನೆ. ಎದ್ದವನು ಬೆಟ್ಟದಾಚೆಯ ಕತ್ತಲ ದೊರೆಯನ್ನು ಸೋಲಿಸಲು ಹೊರಡುತ್ತಾನೆ. ಆ ದೊರೆ ನಮಗೆ ಏನು ಮಾಡಿದ್ದಾನೆ ಅಂತ ಕೇಳಬೇಡಿ, ಅವನು ಕೆಟ್ಟವನು, ಅವನ ಗುಣವೇ ಅದು. ಧೀರನ ಜೊತೆ ಜ್ಞಾನಿ ಹೋಗಬೇಕು, ದಾರಿಯುದ್ದಕ್ಕೂ ಒಳ್ಳೊಳ್ಳೆ ಮಾತು ಹೇಳಬೇಕು, ಎರಡನೆಯ ಹೊಳೆ ದಾಟುವಾಗ ಸಾಯಬೇಕು. ಆಗಲೇ ಧೀರನಿಗೆ ರೋಷ ಉಕ್ಕುವುದು. ನಮ್ಮ ಮಾವನವರು ದೋಣಿಯಲ್ಲಿ ನಿಂತು ಉಪದೇಶ ಮಾಡುತ್ತಾ ಹಿಂದಕ್ಕೆ ಬಿದ್ದರು. ಅವರಪ್ಪನಿಗೆ ಎಲ್ಲಿಂದಲೋ ಒಂದು ಬಾಣ ಬಂತು, ಬಿಟ್ಟವರು ಯಾರೆಂದು ಇವತ್ತಿಗೂ ತಿಳಿಯದು. ಅವರಿಗಿಂತ ಹಿಂದಿನವರು ಮೊಣಕಾಲುದ್ದದ ನೀರಲ್ಲಿ ಸುಮ್ಮನೆ ಕಣ್ಣು ಮುಚ್ಚಿದರಂತೆ. ಆ ಹೊಳೆಗೆ ನೆಪವೂ ಬೇಕಿಲ್ಲ.

ಜ್ಞಾನಿ ಹೊರಡುವಾಗ ಊರಬಾಗಿಲಲ್ಲಿ ನಿಂತು ಕಣ್ಣೀರಿಡಲು ಒಬ್ಬ ಹೆಂಡತಿ ಬೇಕು. ನನ್ನನ್ನು ಆ ಮನೆಗೆ ತಂದುಕೊಂಡಿದ್ದೇ ಅದಕ್ಕೆ. ಹೆಣ್ಣು ನೋಡಲು ಬಂದ ನಮ್ಮತ್ತೆ ನನ್ನಿಂದ ಹಾಡು ಹೇಳಿಸಲಿಲ್ಲ, ರಂಗೋಲಿ ಹಾಕಿಸಲಿಲ್ಲ. "ಎಲ್ಲಿ, ಸ್ವಲ್ಪ ಅಳು ನೋಡೋಣ" ಅಂದರು. ನಾನು ಅತ್ತು ತೋರಿಸಿದೆ. "ಮೂಗು ಸೋರಲ್ಲ, ಚೆನ್ನಾಗಿದೆ" ಅಂತ ಒಪ್ಪಿಕೊಂಡರು.

ಬಹಳ ವರ್ಷ ಯಾವ ಧೀರನೂ ಏಳಲಿಲ್ಲ. ಏಳಬೇಕಾದವನು ಗಾಣದ ಮನೆಯ ಧೀರ ಎರ್ರಿಸ್ವಾಮಿ. ಆಳು ಆರಡಿ, ಭುಜ ನೋಡಿದರೆ ಹೆದರಿಕೆ ಆಗಬೇಕು. ಆದರೆ ನಿದ್ದೆ ಅಂದರೆ ಪ್ರಾಣ. ಮದುವೆಯಾಗಿ, ಮಕ್ಕಳಾಗಿ, ತಲೆ ನರೆಯಲು ಶುರುವಾದರೂ ಮಲಗೇ ಇದ್ದ. ನಾನು ದಿನಾ ದೇವರಿಗೆ ಕೈ ಮುಗಿದು, "ಅವನು ಹಾಗೇ ಮಲಗಿರಲಪ್ಪಾ" ಅಂತ ಬೇಡಿಕೊಳ್ಳುತ್ತಿದ್ದೆ. ಒಂದು ಸಂತೆಯ ದಿನ ಹಗ್ಗ ಕಿತ್ತ ಹೋರಿಯೊಂದು ಅವನು ಮಲಗಿದ್ದ ಜಗುಲಿಗೇ ನುಗ್ಗಿತು. ಬೆಚ್ಚಿ ಎದ್ದವನು ಆಸರೆಗೆ ಅಂತ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ. ಸಿಕ್ಕಿದ್ದು ಹೋರಿಯ ಕೊಂಬು. ಹೋರಿ ನಿಂತಿತು. ಹೊನ್ನಜ್ಜಿ ಅಲ್ಲೇ ಎಲೆಅಡಿಕೆ ಕೊಳ್ಳುತ್ತಿದ್ದಳು. "ಕೇಳಿರಿ ಪುರಜನರೇ! ಧೀರನು ಎದ್ದನು! ಬರುವ ಹುಣ್ಣಿಮೆಯ ಬೆಳಗ್ಗೆ ಪಯಣ!" ಅಂತ ಸಾರಿಯೇಬಿಟ್ಟಳು.

ನಾನು ಸಂತೆಯಲ್ಲೇ ತರಕಾರಿ ಚೀಲ ಬಿಟ್ಟು ಮನೆಗೆ ಓಡಿದೆ. ಇವರು ಕುಸಿದು ಕೂತಿರುತ್ತಾರೆ, ಸಮಾಧಾನ ಮಾಡಬೇಕು ಅಂತ ನಾನು ಬಂದರೆ, ಈ ಮಹಾರಾಯರು ಕನ್ನಡಿ ಮುಂದೆ ನಿಂತು ಗಡ್ಡ ಬಾಚಿಕೊಳ್ಳುತ್ತಿದ್ದಾರೆ.

"ಏನ್ರೀ ಇದು?"

"ಕೊನೇ ಮಾತು ಕಣೆ. ಅಭ್ಯಾಸ ಮಾಡ್ತಿದೀನಿ. ಕೇಳು." ಕೋಲು ನೆಟ್ಟರು, ದನಿ ಇಳಿಸಿದರು. "ಎರ್ರಿಸ್ವಾಮೀ... ಕತ್ತಲೆಯನ್ನು ಸೀಳುವ ನಿಜವಾದ ಖಡ್ಗವಿರುವುದು..." ಅಂದು ಕತ್ತು ವಾಲಿಸಿ ಕಣ್ಣು ಮುಚ್ಚಿದರು.

ನಾನು ಕಾದೆ. "ಎಲ್ಲಿರೋದು?"

ಒಂದು ಕಣ್ಣು ತೆರೆದರು. "ಅದನ್ನ ಹೇಳೋ ಮೊದಲೇ ಪ್ರಾಣ ಹೋಗುತ್ತೆ."

"ಅದು ಸರಿ. ಖಡ್ಗ ಎಲ್ಲಿದೆ ಅಂತ?"

"ನನಗೇನೇ ಗೊತ್ತು? ಅಲ್ಲಿವರೆಗೆ ಮಾತು ಬರೋದೇ ಇಲ್ವಲ್ಲ!"

ನನಗೆ ಮೈಯೆಲ್ಲ ಉರಿದುಹೋಯಿತು. "ಅರ್ಧ ವಾಕ್ಯಕ್ಕೋಸ್ಕರ ಸಾಯ್ತೀರಾ? ಅದೂ ಆ ಗೊರಕೆ ಹೊಡೆಯೋನಿಗೆ ರೋಷ ಬರಲಿ ಅಂತ? ಒಂದು ಚೊಂಬು ತಣ್ಣೀರು ಮುಖಕ್ಕೆ ಎರಚಿದರೆ ಸಾಲದಾ?" ಅಂದೆ. "ಹೆಂಗಸರಿಗೆ ಇದೆಲ್ಲ ತಿಳಿಯಲ್ಲ" ಅಂದರು. ಅವತ್ತು ಅವರ ಸಾರಿಗೆ ಉಪ್ಪು ಹಾಕಲಿಲ್ಲ. ಅವರು ಎದ್ದು ಹೋಗಿ ತಾವೇ ಹಾಕಿಕೊಂಡರು, ಸಕ್ಕರೆ.

ನನ್ನ ತಲೆಯಲ್ಲಿ ಮಾತ್ರ ಒಂದೇ ಯೋಚನೆ. ಎಲ್ಲ ಪಯಣದಿಂದಲೂ ಬದುಕಿ ಬರುವವರು ಯಾರು? ಜ್ಞಾನಿ ಬರಲ್ಲ. ಧೀರ ಬಂದರೆ ಬಂದ. ಆದರೆ ಮೂಟೆ ಹೊತ್ತು ಜೊತೆಗೆ ಹೋಗುವ ನಗೆಯವನು? ಅವನು ಹೊಳೆಗೆ ಬಿದ್ದರೂ ಮೀನು ಹಿಡಿದುಕೊಂಡು ಏಳುತ್ತಾನೆ. ಬಂಡೆ ಉರುಳಿದರೆ ಅವನ ಟೊಪ್ಪಿಗೆ ಮಾತ್ರ ಜಜ್ಜುತ್ತದೆ. ನಮ್ಮೂರ ನಗೆಯ ಕೊಟ್ರಯ್ಯನೂ ಮೊದಲು ಶೂರ ಕೊಟ್ರಯ್ಯನೇ. ಹಿಂದೆ ಗಡಿ ಕಾಯುವ ದಂಡಿನ ಜೊತೆ ಹೊರಟಾಗ ಊರಬಾಗಿಲ ಮೊಳೆಗೆ ಪಂಚೆ ಸಿಕ್ಕಿ, ಪಂಚೆ ಅಲ್ಲೇ ಉಳಿದು, ಅವನೊಬ್ಬನೇ ಕತ್ತಿ ಎತ್ತಿಕೊಂಡು ಮುಂದೆ ಹೋಗಿದ್ದ. ಇಡೀ ಬೀದಿ ಬಿದ್ದು ಬಿದ್ದು ನಕ್ಕಿತು. ಬೀದಿಯೆಲ್ಲ ಒಟ್ಟಿಗೆ ನಕ್ಕಮೇಲೆ ಹೊನ್ನಜ್ಜಿಯಾದರೂ ಏನು ಮಾಡಿಯಾಳು? "ನಗೆಯ ಕೊಟ್ರಯ್ಯ!" ಅಂತ ಬದಲಾಯಿಸಿ ಕೂಗಿದಳು. ಆ ದಂಡಿನಲ್ಲಿ ತಿರುಗಿ ಬಂದವನು ಅವನೊಬ್ಬನೇ.

ಹಾಗಾಗಿ ನನ್ನ ಗಂಡನನ್ನು ನೋಡಿ ಒಮ್ಮೆ ಬೀದಿ ನಗಬೇಕು. ಅಷ್ಟಾದರೆ ಸಾಕು, ಅವರು ಬದುಕಿದ ಹಾಗೆ.

ಇವರನ್ನು ಒಪ್ಪಿಸಲು ಸಾಕುಸಾಕಾಯಿತು. "ನಮ್ಮ ಮನೆತನದಲ್ಲಿ ಯಾರೂ ನಗಿಸಿದವರಲ್ಲ" ಅಂದರು. "ಯಾರೂ ಮುದುಕರೂ ಆಗಿಲ್ಲ" ಅಂದೆ. ಆಮೇಲೆ ಒಲೆ ಮುಂದೆ ಬಂದು ಕೂತು, ಸೌದೆ ಒಳಕ್ಕೆ ತಳ್ಳುತ್ತಾ ಮನೆ ಮಾತಲ್ಲಿ ಹೇಳಿದರು. "ನನಗೂ ಹೆದರಿಕೆ ಕಣೆ ನೀಲಿ. ಈಜು ಕೂಡ ಬರಲ್ಲ." ಆ ಕೊನೇ ಮಾತು, ಗಡ್ಡ ಬಾಚುವುದು, ಎಲ್ಲ ಹೆದರಿಕೆ ಮುಚ್ಚಲು ಅಂತ ನನಗೆ ಆಗ ಗೊತ್ತಾಯಿತು. ಮರುದಿನ ಬೆಳಗ್ಗೆಯೇ ಕೊಟ್ರಯ್ಯನನ್ನು ಮನೆಗೆ ಕರೆಸಿದೆ.

ಹೊಸ್ತಿಲ ಈಚೆ ಕಾಲಿಟ್ಟ ಕೂಡಲೇ ಕೊಟ್ರಯ್ಯನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು. ಮನೆಯೊಳಗೆ ಅಷ್ಟು ಬೇಜಾರಿನ ಮನುಷ್ಯನನ್ನು ನಾನು ನೋಡಿಲ್ಲ. "ಕಲಿಸ್ತೀನಿ ತಾಯಿ, ಧಾರಾಳವಾಗಿ ಕಲಿಸ್ತೀನಿ. ನನ್ನ ಜಾಗಾನೂ ಅವರೇ ತಗೊಳ್ಳಲಿ. ಬಿದ್ದು ಬಿದ್ದು ಸೊಂಟ ಹೋಗಿದೆ. ಮೊನ್ನೆ ನಮ್ಮವ್ವ ತೀರಿಕೊಂಡಾಗ ಬೀದಿಯಲ್ಲಿ ಅತ್ತರೆ ಜನ ಚಪ್ಪಾಳೆ ತಟ್ಟಿದರು" ಅಂದ. ನಾನು ಅವನಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಮೊದಲು ಬೀಳುವುದು ಕಲಿಸಿದ. "ಅಡವಯ್ಯನೋರೇ, ಬೀಳ್ತೀನಿ ಅಂತ ನಿಮಗೆ ಗೊತ್ತಿರಬಾರದು. ಬಿದ್ದಮೇಲೆ ಎದ್ದು, ನಾನು ಬಿದ್ದೇ ಇಲ್ಲ ಅನ್ನೋ ಹಾಗೆ ನೋಡಬೇಕು." ಇವರು ಪಡಸಾಲೆಯಲ್ಲಿ ದಿನವಿಡೀ ಬಿದ್ದರು. ಮಾರನೆಯ ದಿನ ತೇರು ಬೀದಿಯ ನಟ್ಟನಡುವೆ ನಾನೇ ಒಂದು ಬಾಳೆಹಣ್ಣಿನ ಸಿಪ್ಪೆ ಎಸೆದು ಬಂದೆ. ಇವರು ಗಂಭೀರವಾಗಿ ನಡೆದು ಬಂದರು, ಸಿಪ್ಪೆ ತುಳಿದರು, ಗಡ್ಡ ಮೇಲೆ, ಕಾಲು ಮೇಲೆ, ದಬಾರ್ ಅಂತ ಮುಖ ಅಡಿಯಾಗಿ ಬಿದ್ದರು. ನನಗೇ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಹೊನ್ನಜ್ಜಿಯ ದನಿ. "ನೋಡಿರಿ! ಹೊರಡುವ ಮೊದಲು ಜ್ಞಾನಿಯು ಹೆತ್ತ ಭೂಮಿಗೆ ಸಾಷ್ಟಾಂಗವೆರಗಿದನು!" ಬೀದಿಯೆಲ್ಲ ಧೊಪಧೊಪ ನೆಲಕ್ಕೆ ಬಿತ್ತು. ಎಣ್ಣೆ ಗಡಿಗೆ ಹೊತ್ತಿದ್ದವರೂ ಬಿದ್ದರು.

ಆಮೇಲೆ ಇವರ ತಲೆಗೆ ನನ್ನ ಹಳೇ ಲಂಗವನ್ನು ರುಮಾಲಿನ ಹಾಗೆ ಸುತ್ತಿಸಿ ಕಳಿಸಿದೆವು, ಲಾಡಿ ಮೂಗಿನ ಮುಂದೆ ಜೋಲುವ ಹಾಗೆ. ಸಂಜೆ ಹೊತ್ತಿಗೆ ಊರ ಹಿರಿಯರೆಲ್ಲ ಲಾಡಿ ಜೋಲಿಸಿಕೊಂಡು ಓಡಾಡುತ್ತಿದ್ದರು. ನಮ್ಮ ಬೀದಿಯ ಹೆಂಗಸರಿಗೆ ಉಡಲು ಲಂಗವೇ ಉಳಿಯಲಿಲ್ಲ. ಕೊನೆಗೆ ಕೊಟ್ರಯ್ಯ ತನ್ನ ಅತ್ಯುತ್ತಮ ನಗೆಮಾತು ಕಲಿಸಿಕೊಟ್ಟ, ಅತ್ತೆ ಮನೆಗೆ ಹೋದ ಅಳಿಯ ಕತ್ತಲಲ್ಲಿ ಎಮ್ಮೆಗೆ ನಮಸ್ಕಾರ ಮಾಡಿದ್ದು. ಇವರು ಅರಳಿಕಟ್ಟೆಯ ಮೇಲೆ ನಿಂತು ಆಕಾಶ ನೋಡಿ, ಅದನ್ನು ದೊಡ್ಡ ಮಾತಲ್ಲಿ ಹೇಳಿದರು. "ಅಳಿಯನು ಕತ್ತಲೆಯಲ್ಲಿ ಎಮ್ಮೆಗೆ ವಂದಿಸಿದನು." ಜನ ಕಣ್ಣು ಮುಚ್ಚಿ ಕೂತರು. ಕೆಲವರು ಅತ್ತರು. "ಎಮ್ಮೆ ಅಂದರೆ ನಾವೇ ಅಲ್ಲವೇ" ಅಂತ ಒಬ್ಬ ಎದ್ದುನಿಂತು ಬಿಕ್ಕಿದ. ಕೊಟ್ರಯ್ಯ ನನ್ನ ಪಕ್ಕ ಬಂದು ಪಿಸುಗುಟ್ಟಿದ. "ತಾಯೀ, ಇವರನ್ನು ಬ್ರಹ್ಮ ಬಂದರೂ ನಗೆಯವನು ಮಾಡಕ್ಕಾಗಲ್ಲ."

ಹುಣ್ಣಿಮೆಯ ಬೆಳಗಾಯಿತು. ಇಡೀ ಊರು ಊರಬಾಗಿಲಲ್ಲಿ ನೆರೆದಿತ್ತು. ಎರ್ರಿಸ್ವಾಮಿ ಕವಚ ತೊಟ್ಟು, ಆಕಳಿಕೆ ನುಂಗುತ್ತಾ ನಿಂತಿದ್ದ. ಅವನ ಹಿಂದೆ ಕೊಟ್ರಯ್ಯ ಗಂಟುಮೂಟೆ ಹೊತ್ತು, ಬೀದಿಗೆ ಅಂತ ಇಟ್ಟುಕೊಂಡ ನಗುಮುಖದಲ್ಲಿ ನಿಂತಿದ್ದ. ಹೊನ್ನಜ್ಜಿ ಕಲ್ಲಿನ ಮೇಲೆ ಹತ್ತಿ ಗಂಟಲು ಸರಿಮಾಡಿಕೊಂಡಳು. ನನ್ನನ್ನು ಎಡಗಡೆಯ ಕಂಬಕ್ಕೆ ಒರಗಿಸಿ ನಿಲ್ಲಿಸಿದರು. ನಮ್ಮತ್ತೆ ನಿಂತು ಅತ್ತದ್ದೂ ಅಲ್ಲೇ. ಇವರು ಕೋಲೂರಿ ನಿಂತು ಹರಸಲು ಶುರುಮಾಡಿದರು.

"ಹೇ ಪುರಜನರೇ! ಹೊರಟವನಿಗೆ ದಾರಿಯೇ ಮನೆ. ಹಸಿವೆಂಬುದನ್ನು ನಾನರಿಯೆ, ಚಳಿಯೆಂಬುದನ್ನು ನಾನರಿಯೆ..."

ಈಗ ನಾನು ಅಳಬೇಕಿತ್ತು. ಹೊನ್ನಜ್ಜಿ ಕಣ್ಣಲ್ಲೇ ಸನ್ನೆ ಮಾಡಿದಳು. ಅಳು ಬರಲಿಲ್ಲ. ಇಷ್ಟು ವರ್ಷ ಯಾರು ಕೇಳಿದರೂ ಬಂದ ಅಳು, ನಿಜವಾಗಿ ಬೇಕಾದ ದಿನ ಬರಲಿಲ್ಲ. ನನ್ನ ಕಣ್ಣಿಗೆ ಕಂಡಿದ್ದು ಒಂದೇ. ಆ ಮನುಷ್ಯ ಬೆಳಗಿನ ಥಂಡಿಯಲ್ಲಿ ಎದೆ ತೆರೆದುಕೊಂಡು ನಿಂತಿದ್ದಾರೆ, ನಾಳೆಗೆ ಕೆಮ್ಮು ಗ್ಯಾರಂಟಿ.

"ರೀ!" ಅಂತ ನನ್ನ ಬಾಯಿಂದ ಹೊರಟುಬಿಟ್ಟಿತು. ಅಡುಗೆಮನೆಯಿಂದ ಪಡಸಾಲೆಗೆ ಕೂಗುವ ದನಿ. "ರೀ, ಓಮದ ಪುಡಿ ತಗೊಂಡ್ರಾ? ಊರ ನೀರು ಬಿಟ್ಟು ಬೇರೆ ನೀರು ಕುಡಿದರೆ ನಿಮ್ಮ ಹೊಟ್ಟೆ ಕೇಳುತ್ತಾ?"

ಇವರು ಹರಸಲು ಎತ್ತಿದ ಕೈ ಇಳಿಸಲಿಲ್ಲ. ಆಕಾಶದಿಂದ ಕಣ್ಣು ಕೀಳಲಿಲ್ಲ. ಆದರೆ ಇಷ್ಟು ವರ್ಷದ ಅಭ್ಯಾಸ ಬಿಡುತ್ತದೆಯೇ?

"ತಗೊಂಡಿದೀನಿ ಕಣೆ, ಲಂಗೋಟಿ ಜೊತೆ ಸುತ್ತಿಟ್ಟಿದೀನಿ."

"ಯಾವ ಲಂಗೋಟಿ? ಒಣಗಿದ್ದಾ, ಹಸೀದಾ?"

"ಹಸೀದು... ಅಯ್ಯೋ, ಪುಡಿ ನೆಂದೋಯ್ತೇನೋ!"

ಬೀದಿಯಲ್ಲಿ ನಿಂತು ಮನೆ ಮಾತಲ್ಲೇ ಅಂದುಬಿಟ್ಟರು. ಮೊದಲು ಯಾರೋ ಮೂಗಿನಲ್ಲಿ 'ಭುಸ್' ಅಂದರು. ಆಮೇಲೆ ಹಿಂದಿನ ಸಾಲಿನ ಹೆಂಗಸರು. ಆಮೇಲೆ ಇಡೀ ಬೀದಿ ಕಟ್ಟೆ ಒಡೆದ ಹಾಗೆ ನಕ್ಕಿತು. ಎರ್ರಿಸ್ವಾಮಿ ಕವಚದೊಳಗೆ ಗಡಗಡ ಅಲುಗಾಡಿದ. ಎಲ್ಲರ ಮನೆಯಲ್ಲೂ ನೆಂದ ಲಂಗೋಟಿ ಇದ್ದೇ ಇದೆಯಲ್ಲ, ಬೀದಿಯಲ್ಲಿ ಅದರ ಮಾತು ಕೇಳಿದ್ದು ಮಾತ್ರ ಅವತ್ತೇ ಮೊದಲು.

ಹೊನ್ನಜ್ಜಿಯ ಮುಖ ಗಂಟಾಯಿತು. ಆದರೆ ಬೀದಿ ನಕ್ಕಮೇಲೆ ಅವಳೂ ಕಟ್ಟುಬಿದ್ದವಳೇ. "ನಗೆಯ ಅಡವಯ್ಯ!" ಎಂದು ಸಾರಿದಳು. ಬದುಕಿದರು! ಕೊಟ್ರಯ್ಯ ಮೂಟೆಯನ್ನು ದೊಪ್ಪನೆ ಇಳಿಸಿ, "ಹಾಗಾದರೆ ನಾನು ಮನೆಗೆ ಹೋಗಿ ಮಲಗಬಹುದಾ?" ಅಂದವನು ಉತ್ತರಕ್ಕೂ ಕಾಯದೆ ಹೋದ.

"ತಡೆಯಿರಿ!" ಅಂದಳು ಅಜ್ಜಿ. "ಜ್ಞಾನಿಯಿಲ್ಲದೆ ಪಯಣವಿಲ್ಲ. ಜ್ಞಾನಿಯ ಪ್ರಾಣವಿಲ್ಲದೆ ಧೀರನಿಗೆ ರೋಷವಿಲ್ಲ." ನಗು ನಿಂತಿತು. ಅವಳ ಕಣ್ಣು ಗುಂಪಿನ ಮೇಲೆಲ್ಲ ಹರಿದು, ಎಡಗಡೆಯ ಕಂಬದ ಹತ್ತಿರ ಬಂದು ನಿಂತಿತು. "ಇವಳು ಅಳಲಿಲ್ಲ. ಇನ್ನು ಇವಳು ಕಣ್ಣೀರಿನವಳಲ್ಲ. ಊರೆಲ್ಲ ಆಕಾಶ ನೋಡುತ್ತಿದ್ದಾಗ ಇವಳೊಬ್ಬಳು ಹೊಟ್ಟೆಯನ್ನು ನೆನೆದಳು. ಕೇಳಿರಿ ಪುರಜನರೇ, ಇಂದಿನಿಂದ ಇವಳೇ ಜ್ಞಾ..."

ಆ ಮಾತು ಪೂರ್ತಿಯಾದರೆ ಎರಡನೆಯ ಹೊಳೆ ನನ್ನದು. ಆಗ ಇವರು ಕೋಲು ಬಿಸಾಡಿ, ನನಗೂ ಅಜ್ಜಿಗೂ ನಡುವೆ ಬಂದು ನಿಂತರು. ಗಡ್ಡ ನಡುಗುತ್ತಿತ್ತು, ದನಿ ಕೀರಲಾಗಿತ್ತು, ಬಂದದ್ದು ಮನೆ ಮಾತೇ.

"ಯಾರು? ಇವಳಾ ಜ್ಞಾನಿ? ಅಜ್ಜೀ, ಸ್ವಲ್ಪನಾದರೂ ಬುದ್ಧಿ ಇದ್ದಿದ್ದರೆ ಇವಳು ನನ್ನನ್ನ ಕಟ್ಕೊಳ್ತಿದ್ದಳಾ?"

ಆ ಮನುಷ್ಯ ಹುಟ್ಟಿದ ಮೇಲೆ ಆಡಿದ ಮೊದಲ ನಗೆಮಾತು ಅದು. ತಮಾಷೆಗೆ ಅಂತ ಆಡಿದ್ದೂ ಅಲ್ಲ, ಪ್ರಾಣಭಯಕ್ಕೆ ಬಾಯಿಗೆ ಬಂದದ್ದು. ಆದರೆ ಬೀದಿ ಮತ್ತೆ ಹೊಟ್ಟೆ ಬಿರಿಯುವ ಹಾಗೆ ನಕ್ಕಿತು. ಹೆಂಗಸರಂತೂ ಒಬ್ಬರ ಮೇಲೊಬ್ಬರು ಒರಗಿ, "ನಮ್ಮದೂ ಅದೇ ಕಥೆ ಕಣೇ!" ಅಂತ ಮನೆ ಮಾತಲ್ಲೇ ಕೂಗಿದರು. ಆಗ ನಾನು ನೋಡಿದೆ, ಕಲ್ಲಿನ ಮೇಲೆ ಹೊನ್ನಜ್ಜಿಯ ಬೊಚ್ಚುಬಾಯಿ ಅಲುಗತೊಡಗಿತು. ತಡೆದಳು, ಹೊಟ್ಟೆ ಹಿಡಿದಳು, ಆಗಲಿಲ್ಲ. ಕಲ್ಲಿನ ಮೇಲೇ ಕುಕ್ಕರಿಸಿ ಕೂತು ನಕ್ಕಳು, ಉಸಿರು ಕಟ್ಟುವ ತನಕ ನಕ್ಕಳು. ಮತ್ತೆ ಎದ್ದು ಸಾರಲು ನೋಡಿದರೆ ಗಂಟಲಿಂದ ಬರೀ ಗಾಳಿ. ದನಿ ಬಿದ್ದುಹೋಗಿತ್ತು.

ಯಾರೂ ಏನೂ ಸಾರದ ಮೇಲೆ ಯಾರು ಏನು ಮಾಡಬೇಕು? ಕೊನೆಗೆ ಎರ್ರಿಸ್ವಾಮಿ, "ಕವಚ ಹಾಕ್ಕೊಂಡಾಗಿದೆ, ಬಿಚ್ಚೋಕೆ ಇನ್ನೊಂದು ಗಂಟೆ ಬೇಕು, ಹೋಗೇ ಬರೋಣ ಬಿಡಿ" ಅಂದ. ಇವರು ಮೂಟೆ ಎತ್ತಿಕೊಂಡರು. ನಾನು ಬರಬಾರದು ಅಂತ ಯಾರೂ ಸಾರಿರಲಿಲ್ಲ, ಹಾಗಾಗಿ ನಾನೂ ಹೊರಟೆ.

ದಾರಿಯಲ್ಲಿ ಹೇಗೆ ನಡೆಯಬೇಕು ಅಂತ ಹೇಳುವವರಿಲ್ಲದೆ ಸುಮ್ಮನೆ ಮಾತಾಡಿಕೊಂಡು ನಡೆದೆವು. ಎರ್ರಿಸ್ವಾಮಿಗೆ ಗಾಣದ ಎತ್ತುಗಳೆಂದರೆ ಬಹಳ ಪ್ರೀತಿಯಂತೆ, ಮಗಳ ಮದುವೆಯ ಚಿಂತೆಯಂತೆ. ಅಷ್ಟು ವರ್ಷ ಒಂದೇ ಊರಲ್ಲಿ ಇದ್ದರೂ ನನಗೆ ಗೊತ್ತಿರಲಿಲ್ಲ. ಮೊದಲನೆಯ ಹೊಳೆಯಲ್ಲಿ ನೀರೇ ಇರಲಿಲ್ಲ.

ಎರಡನೆಯ ಹೊಳೆ ನೋಡಲು ಏನೂ ವಿಶೇಷವಿಲ್ಲ. ಅಗಲವಾದ ತಿಳಿ ನೀರು, ಆಚೆ ದಡದಲ್ಲಿ ಹುಲ್ಲು. ಇವರು ದಡದಲ್ಲೇ ನಿಂತುಬಿಟ್ಟರು. ನಾನು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಮೊದಲು ಇಳಿದೆ, ಕೈ ಚಾಚಿದೆ. "ಬನ್ರೀ. ತಣ್ಣಗಿದೆ, ಅಷ್ಟೇ." ಅವರು ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒಡೆದವು. ಹೊಳೆಯ ನಡುವಿಗೆ ಬಂದಾಗ ಇವರ ಕಾಲಡಿಯ ಕಲ್ಲು ಜಾರಿತು. ಇವರು ತೂಗಾಡಿ, "ಅಯ್ಯಯ್ಯಯ್ಯೋ" ಅಂದು, ಎರ್ರಿಸ್ವಾಮಿಯ ಕವಚದ ಪಟ್ಟಿ ಹಿಡಿದು, ಅವನನ್ನೂ ಅರ್ಧ ಮುಳುಗಿಸಿ, ಎದ್ದು ನಿಂತರು. ಬಾಣ ಬರಲಿಲ್ಲ. ಏನೂ ಬರಲಿಲ್ಲ. ಒಂದು ಕೊಕ್ಕರೆ ನಮ್ಮನ್ನು ನೋಡಿ ಹಾರಿಹೋಯಿತು.

ಆಚೆ ದಡದಲ್ಲಿ ಗಡ್ಡ ಹಿಂಡುತ್ತಾ ಕೂತರು. ಎರ್ರಿಸ್ವಾಮಿ ಕಿವಿಯ ನೀರು ಕೊಡವಿಕೊಂಡು, ಮುಂದೆ ಕವಲೊಡೆದ ದಾರಿಗಳನ್ನು ನೋಡಿ, ಅಭ್ಯಾಸಬಲದಿಂದ ಕೈಮುಗಿದು ಕೇಳಿದ. "ಗುರುಗಳೇ, ಇಲ್ಲಿಂದ ಮುಂದೆ ಯಾವ ಕಡೆ?"

ಇವರು ಆಕಾಶ ನೋಡಲಿಲ್ಲ. ಆ ದಾರಿ ನೋಡಿದರು, ಈ ದಾರಿ ನೋಡಿದರು, ನನ್ನನ್ನು ನೋಡಿದರು.

"ನನಗೇನಪ್ಪಾ ಗೊತ್ತು?" ಅಂದರು. "ನಮ್ಮ ಮನೆಯವರು ಯಾರೂ ಇಲ್ಲಿವರೆಗೆ ಬಂದೇ ಇಲ್ಲ."